ಕುಲಶೇಖರದಲ್ಲಿ ಒಂದು ಮಧ್ಯಾಹ್ನ

ಮಂಗಳೂರಿನ ನಂತೂರಿನಿಂದ ಮೂಡುಬಿದಿರೆಯ ಹೆದ್ದಾರಿಯನ್ನು ಹಿಡಿದು ಹೊರಟರೆ ಸ್ವಲ್ಪದರಲ್ಲಿಯೇ ಕುಲಶೇಖರವು ಎದುರಾಗುತ್ತದೆ. ಮುರಕಲ್ಲಿನ ಗುಡ್ಡ, ತೆಂಗಿನ ಹಿತ್ತಿಲು, ಹಂಚಿನ ಮಾಡಿನ ಹಳೆಯ ಮನೆಗಳು. ಅವುಗಳ ನಡುನಡುವೆ ಹೊಸದಾಗಿ ಎದ್ದುನಿಂತ ಮಹಡಿಗಳು. ಜಿಲ್ಲೆಯ ಹಾಲು ಒಕ್ಕೂಟದ ಡೈರಿಯೂ ವೀರನಾರಾಯಣ ದೇವಸ್ಥಾನವೂ ಇಲ್ಲಿಯೇ ಇವೆ. ಕೊರ್ಡೆಲ್ ಇಗರ್ಜಿಯಂತೂ ಊರಿನ ಗುರುತೇ ಆಗಿದೆ. 1873ರಲ್ಲಿ ಅದನ್ನು ಸ್ಥಾಪಿಸಿದವರು ಫ್ರಾನ್ಸ್ ದೇಶದಿಂದ ಬಂದ ಅಲೆಕ್ಸಾಂಡರ್ ದುಬೋಯಿ ಎಂಬ ಪಾದ್ರಿಗಳು. ಜನರ ಬಾಯಿಯಲ್ಲಿ ಅವರು ಇಂದಿಗೂ ‘ಫ್ರಾದ್ ಸಾಯ್ಬ್’.

ನಾವು ಹೋದುದು ಪರಿಚಿತರಾದ ಪೊರ್ಬುಗಳೊಬ್ಬರ ಮನೆಯ ಊಟಕ್ಕೆ. ಅವರ ಮಗಳು ದಾದಿ. ಅಳಿಯ ಶಾಲಾ ಉಪಾಧ್ಯಾಯ. ಸೇವಾಸಂಘವೊಂದರ ವತಿಯಿಂದ ಇಬ್ಬರೂ ನಾಲ್ಕು ವರುಷದ ಮಗುವಿನೊಡನೆ ಉಗಾಂಡದ ಮಿಷನ್ ಆಸ್ಪತ್ರೆಯೊಂದಕ್ಕೆ ಮೂರು ವರುಷದ ಮಟ್ಟಿಗೆ ಹೊರಟಿದ್ದರು. ಊಟವಾಗಿ ಚಾವಡಿಯಲ್ಲಿ ಕುಳಿತಾಗ ಪೊರ್ಬುಗಳು ಕಾಗದದ ಕಟ್ಟೊಂದನ್ನು ನಮ್ಮ ಮುಂದಿಟ್ಟು, “ಮಾಸ್ಟ್ರೇ, ಸಂಘದವರು ಆರೋಗ್ಯ ವಿಮೆಗೆಂದು ಹಣ ಕೊಟ್ಟಿದ್ದಾರೆ. ಅಳಿಯ ಅಗ್ಗದ್ದೊಂದನ್ನು ಆರಿಸಿದ್ದಾನೆ. ನೀವೊಮ್ಮೆ ಓದಿ ನೋಡಿ” ಎಂದರು.

ಆ ಕಟ್ಟನ್ನು ಬಿಚ್ಚುವ ಮೊದಲು, ವಿಮೆಯೇನೂ ಇಲ್ಲದೆ ಈ ಊರುಗಳಿಗೆ ಬಂದವರ ನೆನಪು ನಮಗಾಯಿತು. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಿಂದ ಹೊರಡಿಸಿದ ಹೆರ್ಮನ್ ಮೊಗ್ಲಿಂಗರು ಹೆಂಡತಿಯ ಕಾಯಿಲೆಯ ದೆಸೆಯಿಂದ 1860ರಲ್ಲಿ ಜರ್ಮನಿಗೆ ಹೊರಟುಹೋದರು. ಮರಳಿ ಈ ನೆಲವನ್ನು ಕಾಣಲಿಲ್ಲ. ಅವರ ಜೊತೆಗಾರ ವೈಗ್ಲೆಯವರು 1855ರಲ್ಲಿ, ನಲವತ್ತು ತುಂಬುವ ಮೊದಲೇ, ಮಂಗಳೂರಿನಲ್ಲಿ ತೀರಿಕೊಂಡರು. ಕುಲಶೇಖರಕ್ಕೆ ಹತ್ತಿರದ ಕಂಕನಾಡಿಯಲ್ಲಿ 1880ರಿಂದ ಹೋಮಿಯೋಪತಿ ಔಷಧವನ್ನು ಹಂಚುತ್ತ ಬಂದ ಜರ್ಮನಿಯ ಫಾದರ್ ಮುಲ್ಲರರು 1910ರವರೆಗೆ ಬಾಳಿದರು. ಅವರ ಹೆಸರಿನ ಆಸ್ಪತ್ರೆ ಇಂದು ವೈದ್ಯಕೀಯ ಕಾಲೇಜಾಗಿದೆ. ಪೊರ್ಬುಗಳ ಮಗಳು ದಾದಿಯ ವಿದ್ಯೆಯನ್ನು ಕಲಿತುದೂ ಅಲ್ಲಿಯೇ. ಅಂದು ಬರುತ್ತಿದ್ದ ಊರು ಇಂದು ಕಳುಹಿಸುವ ಊರಾಗಿದೆ.

ಅಳಿಯನು ಆರಿಸಿದ್ದು ಪ್ರವಾಸ ವಿಮೆ. ದೇಶ ನೋಡಲು ಹೋಗಿ ಬರುವವರಿಗೆ ಅದು ಒಳ್ಳೆಯದೇ. ಆದರೆ ಆ ಪಾಲಿಸಿಯ ಅವಧಿ ನೂರೆಂಬತ್ತು ದಿನಗಳದು. ಅದಲ್ಲದೆ, ಹಠಾತ್ತಾಗಿ ಬಂದ ಕಾಯಿಲೆಗೆ ಮಾತ್ರ ಅದು ಹಣ ಕೊಡುತ್ತದೆ. ರೋಗಿಯು ಪ್ರಯಾಣಕ್ಕೆ ಶಕ್ತನಾದೊಡನೆ ‘ಊರಿಗೆ ಹೋಗಿ ಉಳಿದ ಚಿಕಿತ್ಸೆ ಮಾಡಿಸಿಕೊಳ್ಳಿ’ ಎನ್ನುತ್ತದೆ. ಮೂರು ವರುಷ ಸಂಸಾರ ಹೂಡುವವರಿಗೆ ಇದು ಹೇಗೆ ಸಾಕಾದೀತು? ಪರದೇಶದಲ್ಲಿ ನೆಲೆಸುವವರಿಗೆಂದೇ ಬೇರೆ ಬಗೆಯ ಪಾಲಿಸಿಗಳಿವೆ. ಅವುಗಳ ಕಂತು ಹೆಚ್ಚು. ಅಳಿಯನು ಹಿಂಜರಿದುದು ಅದಕ್ಕಾಗಿಯೇ.

ಅಂಥ ಪಾಲಿಸಿಯ ಕಾಗದವೂ ಆ ಕಟ್ಟಿನಲ್ಲಿತ್ತು. ಬಹಳ ಹೊತ್ತು ಹಿಡಿದದ್ದು ಒಂದು ಕಲಮು: ರೋಗಿಯನ್ನು ಬೇರೆಡೆಗೆ ಸಾಗಿಸುವುದು. ಹಳ್ಳಿಯ ಆಸ್ಪತ್ರೆಯಲ್ಲಿ ಮಲೇರಿಯಕ್ಕೆ ಮದ್ದು ದೊರೆಯುತ್ತದೆ. ತಲೆಗೆ ಪೆಟ್ಟು ಬಿದ್ದರೆ ವಿಮಾನವೇ ಬೇಕು. ಪಕ್ಕದ ಕೆನ್ಯದ ನೈರೋಬಿಯಲ್ಲಿ 1957ರಲ್ಲಿಯೇ ಹಾರುವ ವೈದ್ಯರ ಸೇವೆ ಆರಂಭವಾದುದು ಇಂಥ ಅಗತ್ಯದಿಂದ. ಆದರೆ ‘ಸಾಗಿಸುತ್ತೇವೆ’ ಎಂಬ ಮಾತಿನ ಅರ್ಥ, ಯೋಗ್ಯ ಚಿಕಿತ್ಸೆ ಸಿಗುವ ಅತಿ ಹತ್ತಿರದ ಊರಿಗೆ ಎಂದು; ಮಂಗಳೂರಿಗೆ ಎಂದಲ್ಲ. ಸಾಗಿಸಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವವರೂ ವಿಮಾ ಸಂಸ್ಥೆಯ ವೈದ್ಯರೇ. ಮೊದಲು ಅವರಿಗೆ ತಿಳಿಸದೆ ವಿಮಾನ ಕರೆಸಿದರೆ ವೆಚ್ಚವು ನಮ್ಮ ತಲೆಗೇ ಬಂದೀತು. ಮರಣವಾದರೆ ದೇಹವನ್ನು ತರಿಸುವ ಕಲಮನ್ನು ನಾವು ಓದತೊಡಗಿದಾಗ ಬಾಯಮ್ಮನವರು ಎದ್ದು ಒಳಗೆ ಹೋದರು. ದನಿ ತಗ್ಗಿಸಿ ಅದನ್ನೂ ಓದಿದೆವು.

ಅಳಿಯನಿಗೆ ರಕ್ತದೊತ್ತಡವುಂಟು. “ಅದನ್ನು ಬರೆದರೆ ಕಂತು ಏರುತ್ತದಲ್ಲವೇ?” ಎಂದು ಆತ ಮೆಲ್ಲಗೆ ಕೇಳಿದ. ಏರಲಿ. ಮುಚ್ಚಿಟ್ಟ ರೋಗವು ಹೊರಬಿದ್ದರೆ ಕಟ್ಟಿದ ಕಂತೂ ಹೋಯಿತು, ಬರಬೇಕಾದ ಹಣವೂ ಹೋಯಿತು. ರಜೆಯಲ್ಲಿ ಊರಿಗೆ ಬಂದಾಗಿನ ಕಾಯಿಲೆಗೆ ಆ ಪಾಲಿಸಿ ಸಲ್ಲುವುದೇ, ಹೆರಿಗೆ ಸೇರಿದೆಯೇ, ಗಲಭೆಯಲ್ಲಿ ಗಾಯವಾದರೆ ಏನು, ಹಣವನ್ನು ಅವರೇ ಆಸ್ಪತ್ರೆಗೆ ಕಟ್ಟುವರೇ ಅಥವಾ ನಾವು ಕಟ್ಟಿ ಬಳಿಕ ಬೇಡಬೇಕೇ ಎಂಬ ಪ್ರಶ್ನೆಗಳನ್ನು ಮಗಳು ಒಂದು ಹಾಳೆಯಲ್ಲಿ ಬರೆದುಕೊಂಡಳು. ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿಯೇ ತರಿಸಬೇಕೆಂದೆವು.

ಇಷ್ಟರಲ್ಲಿ ಪೊರ್ಬುಗಳು, “ಹಾಗಾದರೆ ಇಲ್ಲಿನ ಪಾಲಿಸಿ ನಿಲ್ಲಿಸಿಬಿಡೋಣ, ಎರಡೆರಡು ಕಂತು ಯಾಕೆ?” ಎಂದರು. ನಾವು ಬೇಡವೆಂದೆವು. ನಮ್ಮ ಸ್ನೇಹಿತರೊಬ್ಬರು ಹೀಗೆಯೇ ಮಾಡಿದ್ದರು. ಐದು ವರುಷ ಪರದೇಶದಲ್ಲಿ ಪಾಠ ಹೇಳಿ ಸಿಹಿಮೂತ್ರ ರೋಗದೊಡನೆ ಹಿಂತಿರುಗಿದರು. ಹೊಸ ಪಾಲಿಸಿ ಕೊಂಡ ಎಂಟನೆಯ ತಿಂಗಳಲ್ಲಿ ಅದೇ ರೋಗದಿಂದ ಕಾಲು ಕೊಳೆಯಿತು. ಮೊದಲೇ ಇದ್ದ ರೋಗವೆಂದು ಸಂಸ್ಥೆಯು ಹಣ ನಿರಾಕರಿಸಿತು. ಮೂಡಬಿದಿರೆಯ ಕಡೆಯ ತೋಟ ಕೈಬಿಟ್ಟಿತು. 2024ರ ನಿಯಮದಂತೆ ಇಂಥ ರೋಗಗಳಿಗೆ ಕಾಯಿಸುವ ಅವಧಿ ಮೂವತ್ತಾರು ತಿಂಗಳನ್ನು ಮೀರುವಂತಿಲ್ಲ. ಪಾಲಿಸಿಯನ್ನು ಕಡಿಯದೆ ನವೀಕರಿಸುತ್ತ ಬಂದವರಿಗೆ ಕಾದ ಕಾಲ ಲೆಕ್ಕಕ್ಕೆ ಬರುತ್ತದೆ. ಕಡಿದವರು ಮತ್ತೆ ಮೊದಲಿನಿಂದ ಎಣಿಸಬೇಕು. ವರುಷದ ಕಂತಿಗೆ ಗಡುವು ಮೀರಿದ ಮೇಲೆ ಮೂವತ್ತು ದಿನಗಳ ರಿಯಾಯಿತಿಯಿದೆಯಾದರೂ, ಆ ನಡುವಿನ ದಿನಗಳ ಕಾಯಿಲೆಗೆ ರಕ್ಷಣೆಯಿರದು.

ಹಳದಿಜ್ವರದ ಚುಚ್ಚುಮದ್ದಿನ ಮಾತನ್ನು ಮಗಳೇ ಎತ್ತಿದಳು. ಹೊರಡುವುದಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು. ಆ ಪತ್ರವಿಲ್ಲದೆ ಉಗಾಂಡದಿಂದ ಮರಳಿದರೆ ನಮ್ಮ ಸರಕಾರವು ಆರು ದಿನ ಪ್ರತ್ಯೇಕವಾಗಿ ಇರಿಸಬಹುದು.

ಸಂಜೆ ಐದಕ್ಕೆ ಹೊರಟಾಗ ಬಾಯಮ್ಮನವರು ಹಲಸಿನ ಹಪ್ಪಳದ ಪೊಟ್ಟಣವನ್ನು ಕೈಗಿತ್ತರು. ಚಾವಡಿಯ ಗೋಡೆಯಲ್ಲಿ ತೂಗಿದ್ದ ಕ್ಯಾಲೆಂಡರಿನಲ್ಲಿ ಪೊರ್ಬುಗಳು ಕಂತಿನ ದಿನಕ್ಕೆ ಕೆಂಪು ಶಾಯಿಯ ಗುರುತು ಹಾಕುತ್ತಿದ್ದರು. ಮೊಮ್ಮಗುವು ಪಕ್ಕದಲ್ಲಿ ನಿಂತು, ತನಗೂ ಒಂದು ಗುರುತು ಹಾಕಬೇಕೆಂದು ಹಟ ಹಿಡಿದಿತ್ತು.