ರಾಜ ರಾಣಿಯರ ಜೋಡಿ

ಇಸ್ಪೀಟಾಟಕ್ಕೆ ನಮ್ಮ ಸಮಾಜದಲ್ಲಿ ಒಳ್ಳೆಯ ಹೆಸರಿಲ್ಲ. ಹಿರಿಯರ ಬಾಯಲ್ಲಿ ಅದು ಮನೆಮುರುಕ ವಿದ್ಯೆ, ಸೋಮಾರಿಗಳ ವೇದ. ಹಣವನ್ನು ಪಣವಾಗಿಟ್ಟು ಹೊಲಮನೆ ಕಳೆದುಕೊಂಡವರನ್ನು ಕಂಡ ಮೇಲೆ ಈ ಮಾತನ್ನು ಅಲ್ಲಗಳೆಯುವ ಧೈರ್ಯ ಯಾರಿಗೆ ತಾನೇ ಬಂದೀತು? ಪಣವಿಟ್ಟು ಕುಳಿತಾಗ ಧರ್ಮರಾಯನಂಥವನ ಪಾಡು ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಜೂಜಿನ ಪರವಾಗಿ ವಕಾಲತ್ತು ವಹಿಸಿ ಬಂದವನಲ್ಲ. ಕಾಸಿನ ಸೋಂಕಿಲ್ಲದ ಆಟದಲ್ಲಿ ಎರಡು ಎಲೆಗಳು ಕೂಡಿದಾಗ ಹುಟ್ಟುವ ಬಲವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದಷ್ಟೇ ನನ್ನ ಆಸೆ.

ನಮ್ಮ ತಂದೆಯವರು ಆಡುವ ಆಟದ ಹೆಸರು ಇಪ್ಪತ್ತೆಂಟು. ಕೇರಳದಲ್ಲಿಯೂ ನಮ್ಮ ನಾಡಿನಲ್ಲಿಯೂ ಇದು ಬಳಕೆಯಲ್ಲಿರುವ ಆಟವೇ. ನಾಲ್ಕು ಜನ, ಎದುರುಬದುರು ಕುಳಿತ ಇಬ್ಬಿಬ್ಬರು ಒಂದು ಪಕ್ಷ. ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟರೆ ಉಳಿಯುವುದು 32. ಒಬ್ಬೊಬ್ಬರಿಗೆ ಎಂಟು. ಇಲ್ಲಿಯ ರಾಜಕೀಯವೇ ಬೇರೆ. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಹೀಗೆ ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28. ರಾಜನಿಗೆಷ್ಟು ಎಂದು ಕೇಳುವಿರಾ? ಸೊನ್ನೆ. ರಾಣಿಗೂ ಸೊನ್ನೆ. ಅಂಕವಿಲ್ಲದಿದ್ದರೆ ಹೋಗಲಿ, ಸ್ಥಾನದಲ್ಲಿಯೂ ಅವರಿಬ್ಬರೂ ಹತ್ತರ ಕೆಳಗೆ. ಗುಲಾಮನು ಎಲ್ಲರ ಮೇಲೆ ಕುಳಿತಿರುವಾಗ ಕಿರೀಟ ಹೊತ್ತವರು ಕೆಳಗೆ ನಿಂತಿರುತ್ತಾರೆ! ಇತಿಹಾಸದ ತರಗತಿಯಲ್ಲಿ ಇಂಥ ರಾಜ್ಯ ಯಾವುದನ್ನೂ ನಾನು ಓದಿಲ್ಲ.

ಆದರೆ ತುರುಪಿನ ಬಣ್ಣದ ರಾಜನೂ ರಾಣಿಯೂ ಒಬ್ಬನ ಕೈಯಲ್ಲಿಯೇ ಕೂಡಿದರೋ, ಆಗ ಮಾತು ಬೇರೆ. ತುರುಪನ್ನು ಬಿಚ್ಚಿದ ಮೇಲೆ ಆ ಜೋಡಿಯನ್ನು ತೋರಿಸಿದರೆ, ಕೂಗಿದವರ ಪಕ್ಷಕ್ಕೆ ನಾಲ್ಕು ಅಂಕದ ಹೊರೆ ಇಳಿಯುತ್ತದೆ. ಎದುರು ಪಕ್ಷದವರಲ್ಲಿ ಜೋಡಿಯಿದ್ದರೆ ಕೂಗಿದವರ ತಲೆಯ ಮೇಲೆ ಇನ್ನೂ ನಾಲ್ಕು ಏರುತ್ತದೆ. ಬಿಡಿಯಾಗಿ ಎರಡು ಸೊನ್ನೆ, ಕೂಡಿದರೆ ನಾಲ್ಕು. ಸೊನ್ನೆಗೆ ಸೊನ್ನೆ ಸೇರಿದರೆ ಸೊನ್ನೆಯೆಂದು ಶಾಲೆಯಲ್ಲಿ ಕಲಿತ ನನಗೆ ಈ ಕೂಡುವ ಲೆಕ್ಕ ಬಹಳ ದಿನ ವಿಸ್ಮಯವನ್ನುಂಟುಮಾಡಿತ್ತು.

ನಮ್ಮ ತಂದೆ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ಹಮಾಲಿ. ಮೂಟೆ ಇಳಿಸುವುದು, ತೂಕಕ್ಕೆ ಹಾಕುವುದು, ಲಾರಿಗೆ ಏರಿಸುವುದು ಅವರ ಕೆಲಸ. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ ಮೇಲೆ, ಮುಂದಿನ ಲಾರಿ ಬರುವವರೆಗೆ ಹೊಂಗೆಯ ಮರದ ನೆರಳಿನಲ್ಲಿ ನಾಲ್ವರು ಕೂರುತ್ತಾರೆ. ಸೋತವರು ಗೆದ್ದವರಿಗೆ ಟೀ ಕುಡಿಸಬೇಕು. ಅದಕ್ಕಿಂತ ದೊಡ್ಡ ಪಣವಿಲ್ಲ. ತಂದೆಯವರಿಗೆ ಅಕ್ಷರ ಬಾರದು. ಆದರೆ ಆಟ ಅರ್ಧ ಮುಗಿಯುವಷ್ಟರಲ್ಲಿ ಯಾರ ಕೈಯಲ್ಲಿ ಏನು ಉಳಿದಿದೆಯೆಂಬುದನ್ನು ಹೆಚ್ಚುಕಡಿಮೆ ಹೇಳಬಲ್ಲರು. ನನಗೆ ಅವರು ಕೊಟ್ಟ ಪಾಠ ಒಂದೇ: “ಕೈಯಾಗಿರೋ ಎಲೆ ಎಲ್ಲಾರ್ಗೂ ಕಾಣ್ತದೆ ಮಗ. ಬಿದ್ದೋದ ಎಲೆ ನೆಪ್ಪಿಟ್ಕೊ.”

ಒಮ್ಮೆ ನಾನು, “ಅಪ್ಪಾ, ಈ ಜೋಡಿ ಎಷ್ಟಾಟಕ್ಕೊಂದ್ಸಲ ಬತ್ತದೆ?” ಎಂದು ಕೇಳಿದೆ. ಅವರು ಬೀಡಿಯ ಬೂದಿಯನ್ನು ಕೊಡವಿ, “ನಾಕೈದಾಟಕ್ಕೊಂದ್ಸಲ ಯಾರ್ ಕೈಗಾದ್ರೂ ಬತ್ತದೆ,” ಎಂದರು. ನಾನು ಹಾಸಿಗೆಯ ಮೇಲೆ ಕುಳಿತು ಕಾಗದದಲ್ಲಿ ಲೆಕ್ಕ ಹಾಕಿದೆ. ತುರುಪಿನ ರಾಜ ಯಾರ ಕೈಗೇ ಬರಲಿ, ಅವನ ಕೈಯಲ್ಲಿ ಬೇರೆ ಎಲೆಗಳು 7. ರಾಜನನ್ನು ಬಿಟ್ಟರೆ ಒಟ್ಟು ಎಲೆಗಳು 31. ರಾಣಿಯು ಆ ಏಳರಲ್ಲಿ ಒಂದಾಗಿರಬೇಕು. ಎಂದರೆ 31 ಆಟಕ್ಕೆ 7 ಸಲ; ಭಾಗಿಸಿದರೆ ನಾಲ್ಕೂವರೆ ಆಟಕ್ಕೆ ಸುಮಾರು ಒಂದು ಸಲ. ಇಪ್ಪತ್ತು ವರುಷ ಮೂಟೆಗಳ ನಡುವೆ ಕುಳಿತು ಅವರು ಕಂಡುಕೊಂಡದ್ದೂ, ನಾನು ಭಿನ್ನರಾಶಿಯಿಂದ ಕಂಡುಕೊಂಡದ್ದೂ ಒಂದೇ ಆಗಿತ್ತು. ನನ್ನದನ್ನು ವಿದ್ಯೆಯೆಂದೂ ಅವರದನ್ನು ಹೊತ್ತುಗಳೆಯುವ ಚಟವೆಂದೂ ಕರೆಯುವ ನ್ಯಾಯ ಯಾವುದೆಂದು ಅಂದಿನಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ.

ಎಲೆಗಳ ಈ ಬಲಾಬಲ ಹಮಾಲಿಗಳ ನೆರಳಿನಲ್ಲಿ ಮಾತ್ರವೇ ಇದ್ದುದಲ್ಲ, ಅರಮನೆಯಲ್ಲಿಯೂ ಇತ್ತು ಎಂಬುದು ನನಗೆ ತಿಳಿದದ್ದು ಮೈಸೂರಿನ ಪ್ರವಾಸದಲ್ಲಿ. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿಬಂದ ದಿನ ಅಧ್ಯಾಪಕರು ಗಂಜೀಫದ ಕಥೆಯನ್ನು ಹೇಳಿದರು. ಗಂಜೀಫ ಪರ್ಷಿಯದ ಕಡೆಯಿಂದ ಬಂದ ಆಟ. ಬಾಬರನು 1527ರಲ್ಲಿ ತನ್ನ ಸ್ನೇಹಿತನೊಬ್ಬನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿಯೇ ಇದೆ. ನಮ್ಮವರು ಅದಕ್ಕೆ ನಮ್ಮ ದೇವರುಗಳನ್ನು ತಂದರು. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳೇ ಹತ್ತು ಬಣ್ಣ. ಒಂದೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗೆ ಎಲೆಗಳು. ಒಟ್ಟು 120 ದುಂಡನೆಯ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದೂ ಸಾಲದಾಯಿತು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 36 ಎಲೆಗಳ ಆಟದಿಂದ ಹಿಡಿದು 360 ಎಲೆಗಳ ಆಟದವರೆಗೆ ವರ್ಣನೆಯಿದೆ. ಮುನ್ನೂರ ಅರವತ್ತು ಎಲೆ! ನಮ್ಮ ತಂದೆಯವರಿಗೂ ನೆಪ್ಪಿಟ್ಟುಕೊಳ್ಳುವುದು ಕಷ್ಟವಾದೀತು.

ಗಂಜೀಫದಲ್ಲಿ ತುರುಪಿಲ್ಲ. ಆದರೆ ಅದರಲ್ಲಿ ನನ್ನ ಮನಸ್ಸನ್ನು ಹಿಡಿದ ನಿಯಮ ಒಂದುಂಟು. ಅರ್ಧ ಬಣ್ಣಗಳಲ್ಲಿ ಹತ್ತು ಮೇಲು, ಒಂದು ಕೀಳು. ಉಳಿದರ್ಧ ಬಣ್ಣಗಳಲ್ಲಿ ಒಂದು ಮೇಲು, ಹತ್ತು ಕೀಳು. ಇನ್ನು ಮಂತ್ರಿಯ ಸಂಗತಿ. ತನ್ನ ರಾಜ ಪರರ ಕೈಯಲ್ಲಿರುವ ತನಕ ಮಂತ್ರಿ ಬಾಯಿ ಮುಚ್ಚಿಕೊಂಡು ಕಾಯಬೇಕು. ಇಬ್ಬರೂ ಒಂದೇ ಕೈಯಲ್ಲಿದ್ದರೆ ಒಬ್ಬರ ಹಿಂದೆ ಒಬ್ಬರು ಗೆದ್ದು ಬರುತ್ತಾರೆ. ಎಲೆಯ ಮೇಲೆ ಬರೆದ ಅಂಕಿಯೇ ಅದರ ಬೆಲೆಯಲ್ಲ. ಯಾವ ಗುಂಪಿನಲ್ಲಿ ಹುಟ್ಟಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಸೇರಿ ಬೆಲೆಯಾಗುತ್ತದೆ.

ಈ ಸಂಗತಿಯನ್ನು ಬೆಂಗಳೂರಿನಲ್ಲಿ ಓದುವ ನನ್ನ ಸೋದರಮಾವನ ಮಗನಿಗೆ ಹೇಳಿದಾಗ ಅವನು ನಕ್ಕು, ತಾನು ಆಡುವ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವನ್ನು ವಿವರಿಸಿದ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರಚಿಸಿ 1993ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟವದು. ಮಂತ್ರಗಳೂ ಭೂತಗಳೂ ತುಂಬಿದ ಎಲೆಗಳನ್ನು ಕೊಂಡು, ವಿನಿಮಯ ಮಾಡಿಕೊಂಡು, ತನ್ನ ಕಟ್ಟನ್ನು ತಾನೇ ಕಟ್ಟಬೇಕು. ಆಟಗಾರನಿಗೆ ಮೊದಲಿಗೆ 20 ಪ್ರಾಣ. ‘ಚಾನೆಲ್’ ಎಂಬ ಎಲೆ ಪ್ರಾಣವನ್ನು ಒಂದೊಂದಾಗಿ ತೆತ್ತು ಶಕ್ತಿಯನ್ನು ಪಡೆಯಲು ಬಿಡುತ್ತದೆ. ಬರಿದೆ ಹಾಕಿದರೆ ಅದು ಆತ್ಮಹತ್ಯೆ. ‘ಫೈರ್‌ಬಾಲ್’ ಎಂಬ ಎಲೆ ಎಷ್ಟು ಶಕ್ತಿ ಸುರಿದರೆ ಅಷ್ಟು ಪೆಟ್ಟು ಕೊಡುತ್ತದೆ. ಸುರಿಯಲು ಶಕ್ತಿಯಿಲ್ಲದಿದ್ದರೆ ಬರಿಯ ಕಿಡಿ. ಎರಡೂ ಕೂಡಿದರೆ, ತನ್ನ 19 ಪ್ರಾಣವನ್ನು ತೆತ್ತು, ಒಂದನ್ನು ಉಳಿಸಿಕೊಂಡು, ಎದುರಾಳಿಯ ಇಪ್ಪತ್ತನ್ನೂ ಒಂದೇ ಏಟಿಗೆ ಸುಡಬಹುದಂತೆ. ಈ ಜೋಡಿಯ ಹಾವಳಿ ಎಷ್ಟಾಯಿತೆಂದರೆ ಸ್ಪರ್ಧೆಗಳಲ್ಲಿ ಚಾನೆಲ್ ಎಲೆಗೆ ನಿರ್ಬಂಧ ಹಾಕಬೇಕಾಯಿತು. ನನಗೆ ಆಟ ಪೂರ್ತಿ ಅರ್ಥವಾಗಲಿಲ್ಲ. ಜೋಡಿ ಮಾತ್ರ ಚೆನ್ನಾಗಿ ಅರ್ಥವಾಯಿತು.

ಕೂಡಿದರೆ ಬಲವೆಂಬುದಕ್ಕೆ ಇಷ್ಟು ಸಾಕು. ಅಗಲಿಸಿದರೆ ಏನಾಗುತ್ತದೆಂಬುದನ್ನು ನೋಡಬೇಕಾದರೆ ನಮ್ಮ ಹಳೇಬೀಡಿಗೆ ಹೋಗಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದಿಂದ ಬಂದು ನೋಡುವವರು ಬಹಳ. ಹತ್ತಿರದ ನಾವು ‘ಎಲ್ಲಿ ಹೋದೀತು’ ಎಂದು ಸುಮ್ಮನಿರುತ್ತೇವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಗೋಡೆಯಲ್ಲಿಯೂ ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯಲ್ಲಿಯೂ ವರಾಹ, ನರಸಿಂಹ, ತ್ರಿವಿಕ್ರಮರು ಸಾಲಾಗಿ ನಿಂತಿದ್ದಾರೆ. ಗಂಜೀಫದಲ್ಲಿ ಸೆಣಸುವ ಅವರು ಇಲ್ಲಿ ಯಾರನ್ನೂ ಹೊಡೆಯದೆ ಮಗ್ಗುಲು ಮಗ್ಗುಲಿಗೆ ಇದ್ದಾರೆ. ಹಳೇಬೀಡಿನ ಗೋಡೆಯಲ್ಲಿಯೇ ಚಕ್ರವ್ಯೂಹದ ಶಿಲ್ಪವೂ ಉಂಟು. ಸುತ್ತಿ ಸುತ್ತಿ ಒಳಗೆ ಹೋಗುವ ಆ ವ್ಯೂಹದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅಭಿಮನ್ಯುವಿನಂಥ ಎಲೆ ಪಾಂಡವರ ಕೈಯಲ್ಲಿ ಇನ್ನೊಂದಿರಲಿಲ್ಲ. ಅವನು ಭೇದಿಸಿ ಒಳಹೋಗುವುದು, ಹಿಂದಿನಿಂದ ಭೀಮಾದಿಗಳು ನುಗ್ಗುವುದು ಎಂಬುದೇ ಒಪ್ಪಂದ. ಸೈಂಧವನು ಮಾಡಿದ್ದು ಇಷ್ಟೇ: ಜೋಡಿಯ ನಡುವೆ ಅಡ್ಡ ನಿಂತ. ಅಭಿಮನ್ಯುವಿನ ಬಲ ಕುಂದಲಿಲ್ಲ, ಭೀಮನ ಬಲವೂ ಕುಂದಲಿಲ್ಲ. ಆದರೂ ಆಟ ಮುಗಿದುಹೋಯಿತು.

ಇದನ್ನೆಲ್ಲ ನಾನು ಬರೆಯುತ್ತಿರುವುದು ಪಾಂಡಿತ್ಯಕ್ಕಾಗಿ ಅಲ್ಲ. ಪಿ.ಯು.ಸಿ. ಮುಗಿದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೊಂದು ಪ್ರಶ್ನೆ ಎದ್ದಿತ್ತು. ಬಂಧುಗಳೊಬ್ಬರು ಬೆಂಗಳೂರಿನ ಅಂಗಡಿಯೊಂದರಲ್ಲಿ ನನಗೆ ಕೆಲಸ ನೋಡಿದ್ದರು. ನಮ್ಮ ಮನೆತನದಲ್ಲಿ ಅಷ್ಟು ಓದಿದವರೇ ಇಲ್ಲ. ಸಾಕಲ್ಲವೆ ಎಂಬುದು ಅವರ ವಾದ. ತಂದೆಯವರು ವಾರವೆಲ್ಲ ಮಾತಾಡಲಿಲ್ಲ. ಅವರ ಕೂಲಿ ಮನೆಯ ಖರ್ಚಿಗೇ ಸರಿಹೋಗುತ್ತಿತ್ತು. ಅವ್ವನ ಕೈಯಲ್ಲಿದ್ದುದು ಒಂದು ಹಸು, ಡೈರಿಗೆ ಹಾಕುವ ಹಾಲು, ಅದರಿಂದ ಉಳಿದ ಅಲ್ಪಸ್ವಲ್ಪ. ಒಬ್ಬರದು ಸಾಲದು, ಇನ್ನೊಬ್ಬರದೂ ಸಾಲದು. ಒಂದು ರಾತ್ರಿ ಊಟವಾದ ಮೇಲೆ ಅವ್ವ ಡೈರಿಯ ಪಾಸ್‌ಪುಸ್ತಕವನ್ನು ತಂದು ತಂದೆಯವರ ಮುಂದಿಟ್ಟು, “ವಸ್ತಿ, ಪುಸ್ತ್ಕ ನಂದು. ಉಳಿದಿದ್ದು ನೀವು ನೋಡ್ಕಳಿ,” ಎಂದಳು. ತಂದೆಯವರು ಓದಲು ಬಾರದ ಆ ಪುಸ್ತಕವನ್ನು ತಿರುವಿ ತಿರುವಿ ನೋಡಿ, “ಇನ್ಮೇಲೆ ರಾತ್ರಿ ಲಾರೀನೂ ತುಂಬ್ತೀನಿ ಬುಡು,” ಎಂದರು. ಅಷ್ಟೇ ಮಾತು. ಮರುವಾರ ನಾನು ಈ ಕಾಲೇಜಿಗೆ ಅರ್ಜಿ ಹಾಕಿದೆ.

ಈ ವರುಷ ನನ್ನ ಬಿ.ಎ. ಮುಗಿಯುತ್ತದೆ. ಮುಂದೆ ಏನೆಂದು ಕೇಳುವವರಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ತಂದೆಯವರ ಎದುರು ಕುಳಿತು ಹದಿನೈದು ವರುಷ ಅವರ ಜೊತೆಯಾಟಗಾರರಾಗಿದ್ದ ಚಿಕ್ಕಪ್ಪ ಬೆನ್ನು ನೋವಿನಿಂದ ಕೆಲಸ ಬಿಟ್ಟು ತಿಪಟೂರಿನ ಮಗಳ ಮನೆಗೆ ಹೋದರು. ಹೊಂಗೆಯ ನೆರಳಿನಲ್ಲಿ ಆ ಜಾಗ ಖಾಲಿಯಿದೆ. “ಪರೀಕ್ಸೆ ಮುಗುದ್ಮೇಲೆ ನಾಕ್ ದಿನ ಬಂದು ಕುಂತ್ಕಳ್ಳ,” ಎಂದು ತಂದೆಯವರು ಹೇಳಿದ್ದಾರೆ. ಬಿದ್ದುಹೋದ ಎಲೆಗಳನ್ನು ನೆಪ್ಪಿಟ್ಟುಕೊಳ್ಳುವುದನ್ನು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ.