ರನ್ ಹೊಡೆಯೋದು ಬೇರೆ, ಹೊಡೆಸೋದು ಬೇರೆ

ಕಾಲೇಜ್ ಮುಗಿದ ಮೇಲೆ – ಭಾಗ 6

ನಮ್ಮ ಕ್ಲಾಸ್‌ನಲ್ಲಿ ಸಿಆರ್ ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತಲ್ವಾ? ಎಚ್‌ಒಡಿ ಹತ್ರ ಸಹಿ ಹಾಕಿಸೋದು, ಇಂಟರ್ನಲ್ಸ್ ಮುಂದೂಡಿಸೋದು, ಫೆಸ್ಟ್‌ಗೆ ಸ್ಪಾನ್ಸರ್ ಹುಡುಕೋದು, ಕೊನೆಗೆ ರಾತ್ರಿ ಬ್ಯಾನರ್ ಕಟ್ಟೋದೂ ಅವರೇ. ಎರಡು ವರ್ಷ ನಾನೂ ಅದನ್ನೇ ಮಾಡಿದೆ, ಖುಷಿಯಿಂದಲೇ. ಮೂರು ದಿನದ ಫೆಸ್ಟ್‌ಗೆ ಆ ಓಟ ಸಾಕಿತ್ತು.

ಆಫೀಸ್‌ನಲ್ಲಿ ಫೆಸ್ಟ್ ಮುಗಿಯೋದೇ ಇಲ್ಲ ಗೆಳೆಯರೇ. ಈ ವರ್ಷ ಐದು ಜನರ ಟೀಮ್ ನನ್ನ ಕೈಗೆ ಬಂತು. ಅದರಲ್ಲಿ ಒಬ್ಬಳು ಜೂನಿಯರ್. ಕೆಲಸದಲ್ಲಿ ಚುರುಕು, ಆದ್ರೆ ಎಂಟು ತಿಂಗಳಲ್ಲಿ ಕ್ಲೈಂಟ್ ಕಾಲ್‌ನಲ್ಲಿ ಒಂದು ಮಾತೂ ಆಡಿರಲಿಲ್ಲ. ಯಾವಾಗಲೂ ಲೀಡ್ ಆದವರೇ ಉತ್ತರ ಕೊಡ್ತಿದ್ರು. ಅವಳು ಬೇರೆ ಕಡೆ ಇಂಟರ್‌ವ್ಯೂ ಕೊಡ್ತಾ ಇದ್ದಳು.

ಆಗ ನನಗೆ ನೆನಪಾದದ್ದು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. ಟೆಸ್ಟ್‌ನಲ್ಲಿ 13,288 ರನ್. 2003ರ ಅಡಿಲೇಡ್‌ನಲ್ಲಿ 233, ಮತ್ತೆ ಔಟಾಗದೆ 72. ಎಲ್ಲರೂ ಹೋದರೂ ತಾನು ನಿಲ್ಲೋದು ಅವರ ಅಭ್ಯಾಸ. ಅದಕ್ಕೇ ‘ಗೋಡೆ’ ಅನ್ನೋ ಹೆಸರು.

2015ರಲ್ಲಿ ಅವರು ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಕ್ಕೆ ಕೋಚ್ ಆದರು. ಕೋಚ್ ಬ್ಯಾಟ್ ಹಿಡಿದು ಇಳಿಯೋ ಹಾಗಿಲ್ಲ. ಅಲ್ಲಿ ಅವರು ತಂದ ಪದ್ಧತಿ ನೋಡಿ: ‘ಎ’ ತಂಡದ ಜೊತೆ ಪ್ರವಾಸಕ್ಕೆ ಬಂದ ಪ್ರತಿಯೊಬ್ಬನಿಗೂ ಆಡೋ ಅವಕಾಶ. 19ರೊಳಗಿನ ವಿಶ್ವಕಪ್ ಒಬ್ಬನಿಗೆ ಒಂದೇ ಸಲ, ಯಾಕಂದ್ರೆ ಮುಂದಿನ ಹುಡುಗನಿಗೂ ಜಾಗ ಬೇಕು. ಪ್ರವಾಸಕ್ಕೆ ಹೋಗಿ ಆಡದೆ ವಾಪಸ್ ಬರೋ ನೋವು ಏನು ಅಂತ ಚಿಕ್ಕವರಿದ್ದಾಗ ತಾವೇ ಉಂಡಿದ್ದರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದಾಗ ಅವರಿಗೆ 50 ಲಕ್ಷ, ಉಳಿದ ಸಿಬ್ಬಂದಿಗೆ 20 ಲಕ್ಷ ಅಂತ ಘೋಷಣೆ ಆಯ್ತು. ಎಲ್ಲರಿಗೂ ಸಮ ಇರಲಿ ಅಂದ್ರು. ಕೊನೆಗೆ ತಲಾ 25 ಲಕ್ಷ ಆಯ್ತು.

ಅಂದ್ರೆ ಕೈಬಿಟ್ಟದ್ದಕ್ಕೆ ಬೆಲೆ ಕಟ್ಟಿದರು. ನಮಗೆ ಕಷ್ಟ ಆಗೋದು ಅಲ್ಲೇ.

ನಾನು ಈಗ ಮೂರು ಕೆಲಸ ಮಾಡ್ತಿದೀನಿ. ಮೀಟಿಂಗ್‌ನಲ್ಲಿ ಕೊನೆಗೆ ಮಾತಾಡ್ತೀನಿ. ವಾರದ ಡೆಮೊ ಸರದಿ ಪ್ರಕಾರ ಐವರಿಗೂ ಹೋಗುತ್ತೆ. ಯಾರಾದ್ರೂ ಬಂದು ಕೇಳಿದ್ರೆ ಉತ್ತರಕ್ಕೆ ಮುಂಚೆ “ನಿನಗೇನು ಅನ್ಸುತ್ತೆ?” ಅಂತೀನಿ.

ಇದು ಸುಲಭ ಅಂತ ಹೇಳಲ್ಲ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತೆ. ಗೊತ್ತಿರೋ ಉತ್ತರ ಬಾಯಲ್ಲಿ ಇಟ್ಕೊಂಡು ಸುಮ್ನೆ ಕೂರಬೇಕು. ಮೇಲಿನವರಿಗೆ ಹೋಗೋ ಮೇಲ್‌ನಲ್ಲಿ ನನ್ನ ಹೆಸರು ಕಡಿಮೆ ಆಗಿದೆ, ಮಾರ್ಚ್‌ನಲ್ಲಿ ಅಪ್ರೈಸಲ್ ಬೇರೆ ಇದೆ. ಹೆದರಿಕೆ ಇದ್ದೇ ಇದೆ. ಆದ್ರೂ ಹೋದ ತಿಂಗಳ ಕ್ಲೈಂಟ್ ಕಾಲ್ ಪೂರ್ತಿ ಅವಳೇ ನಡೆಸಿದಳು. ನಾನು ಮ್ಯೂಟ್‌ನಲ್ಲಿದ್ದೆ. ಇಂಟರ್‌ವ್ಯೂ ಸುದ್ದಿ ಸದ್ಯಕ್ಕೆ ನಿಂತಿದೆ.

ಲೀಡರ್ ಆಗೋಕೆ ಸಹಾಯ ಮಾಡಿದ ಅಭ್ಯಾಸವೇ ಮುಂದೆ ಬೇರೆಯವರ ದಾರಿಗೆ ಅಡ್ಡ ನಿಲ್ಲಬಹುದು. ಅದಕ್ಕೆ ಥ್ಯಾಂಕ್ಸ್ ಹೇಳಿ ಪಕ್ಕಕ್ಕೆ ಇಡೋದು ಕೂಡ ಬೆಳವಣಿಗೆನೇ.

ನೀವು ರಜೆ ಹಾಕಿದ ದಿನ ನಿಮ್ಮ ಟೀಮ್ ಹೇಗಿರುತ್ತೆ? ನಿಜ ಹೇಳಿ, ಕಾಮೆಂಟ್‌ನಲ್ಲಿ ಕಾಯ್ತಿರ್ತೀನಿ.

#ಕಾಲೇಜ್‌ಮುಗಿದಮೇಲೆ #ಮೊದಲಕೆಲಸ #ಕನ್ನಡದಲ್ಲಿಬರೆಯೋಣ