ರಾಜಧಾನಿಗೆ ಬರುವ ನಮ್ಮವರಿಗೆ



ಬೇಸಿಗೆಯ ರಜೆ ಸಮೀಪಿಸಿತೆಂದರೆ ರಾಯಚೂರು, ಮಾನ್ವಿ, ದೇವದುರ್ಗಗಳಿಂದ ನನಗೆ ದೂರವಾಣಿ ಕರೆಗಳು ಹೆಚ್ಚಾಗುತ್ತವೆ. "ಸರ್, ಬೆಂಗಳೂರಿಗೆ ಬರಾಕತ್ತೀವಿ, ಏನೇನು ನೋಡಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು?" ನಿವೃತ್ತನಾಗಿ ಮಗನ ಮನೆ ಸೇರಿದ ಮೇಲೆ ನಾನೂ ಈ ಊರಿನವನೇ ಆಗಿಬಿಟ್ಟಿದ್ದೇನೆ. ಪ್ರತಿಯೊಬ್ಬರಿಗೂ ಹೇಳುವುದನ್ನು ಒಮ್ಮೆ ಬರೆದಿಟ್ಟರೆ ಒಳಿತೆನಿಸಿತು.

ನಾನು ಹುಟ್ಟಿದ್ದು 1952ರಲ್ಲಿ. ಆಗ ನಮ್ಮ ರಾಜಧಾನಿ ಹೈದರಾಬಾದು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಬೆಂಗಳೂರು ರಾಜಧಾನಿಯಾಯಿತು. ಆದರೂ ನಮ್ಮ ತಂದೆಯವರ ಬಾಯಲ್ಲಿ 'ಪಟ್ಟಣ' ಎಂದರೆ ಕಡೆಯವರೆಗೂ ಹೈದರಾಬಾದೇ. ಬೆಂಗಳೂರು ಅವರ ಪಾಲಿಗೆ ಕಾಗದ ಹೋಗುವ ಊರು, ಉತ್ತರ ಬಾರದ ಊರು.

1986ರಲ್ಲಿ ಮಾನ್ವಿಯ ಮಕ್ಕಳನ್ನು ಪ್ರವಾಸಕ್ಕೆ ಕರೆತಂದಿದ್ದೆ. ವಿಧಾನಸೌಧದ ಮುಂದೆ ನಿಂತಾಗ ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ಸರ್, ಇದು ನಮ್ದೂ ಐತೇನ್ರಿ?" ಅದರ ಹಿಂದಿನ ವರ್ಷವಷ್ಟೇ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತ್ತು. "ಇಲ್ಲಿನ ದೀಪಕ್ಕೆ ನಮ್ಮ ಊರಿನ ಕರೆಂಟು ಬರುತ್ತದೆಯಪ್ಪಾ, ನಮ್ಮದು ಹೇಗಲ್ಲ?" ಎಂದೆ. ಮಕ್ಕಳು ನಕ್ಕರು. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿದುಹೋಯಿತು.

ಇನ್ನು ವಾಹನದ ಮಾತು. ಇದನ್ನು ನಾನು ದುಬಾರಿ ಬೆಲೆ ತೆತ್ತು ಕಲಿತವನು. 2019ರಲ್ಲಿ ದೇವದುರ್ಗದಿಂದ ನಮ್ಮ ಅಣ್ಣನನ್ನು ಚಿಕಿತ್ಸೆಗಾಗಿ ಅವನ ಮಗ ಕಾರಿನಲ್ಲಿ ಕರೆತಂದಿದ್ದ. ಆಸ್ಪತ್ರೆಯೊಂದರ ಎದುರು ಜಾಗ ಸಿಗದೆ ತಡವರಿಸುತ್ತಿದ್ದಾಗ, "ಇಲ್ಲೇ ರಸ್ತೆ ಬದಿಗೆ ಬಿಡು, ಐದು ನಿಮಿಷದ ಕೆಲಸ" ಎಂದವನು ನಾನೇ. ಹೊರಬಂದು ನೋಡಿದರೆ ಕಾರಿಲ್ಲ, ಎತ್ತಿಕೊಂಡು ಹೋಗಿದ್ದರು. ಹಳೆಯ ವರದಿಗಳೆಲ್ಲ ಕಾರಿನಲ್ಲೇ ಇದ್ದವು. ದಂಡ ಕಟ್ಟಿ ಬಿಡಿಸಿಕೊಳ್ಳುವಷ್ಟರಲ್ಲಿ ವೈದ್ಯರು ಹೊರಟುಹೋಗಿದ್ದರು. ಮರುದಿನ ಅವರನ್ನು ಕಂಡು, ಅಂದೇ ರಾತ್ರಿ ಊರಿಗೆ ಹೊರಡಬೇಕಾಯಿತು. ಅಣ್ಣನಿಗೆ ವಿಧಾನಸೌಧ ನೋಡುವ ಆಸೆಯಿತ್ತು. ಅದಕ್ಕಾಗಿ ಇಟ್ಟುಕೊಂಡಿದ್ದ ದಿನವೇ ಕಳೆದುಹೋಗಿತ್ತು. "ಇರ್ಲಿ ಬಿಡೋ, ಮತ್ತ ಬಂದಾಗ ನೋಡೂಣು" ಎಂದ. ಮತ್ತೆ ಅವನು ಬರಲಿಲ್ಲ. ಆ ವರ್ಷ ಕಳೆಯುವ ಮುನ್ನವೇ ತೀರಿಕೊಂಡ.

ಹಾಗೆ ವಾಹನಗಳನ್ನು ಎಳೆದೊಯ್ಯುವುದನ್ನು 2022ರಲ್ಲಿ ನಿಲ್ಲಿಸಲಾಯಿತು. ಆದರೆ ಅದನ್ನೇ ನಂಬಿ ಕೂರಬೇಡಿ, ದಂಡವಂತೂ ತಪ್ಪದು. ಆದ್ದರಿಂದ ನನ್ನ ಮೊದಲ ಸಲಹೆ: ಸಾಧ್ಯವಾದರೆ ಕಾರನ್ನೇ ತರಬೇಡಿ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ರಾತ್ರಿ ಬಸ್ಸುಗಳಿವೆ. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ನೇರಳೆ, ಹಸಿರು ಎರಡೂ ಮೆಟ್ರೋ ಮಾರ್ಗಗಳು ಅಲ್ಲೇ ಸೇರುತ್ತವೆ. ಕಾರು ತರಲೇಬೇಕಾದವರು, ತುಮಕೂರು ರಸ್ತೆಯಿಂದ ಬರುವಾಗ ನಾಗಸಂದ್ರ ಮೆಟ್ರೋ ನಿಲ್ದಾಣದಲ್ಲಿ ಅದನ್ನು ಬಿಟ್ಟು ಒಳಗೆ ಬನ್ನಿ. ನಗರದ ನಡುವೆಯೇ ತರಬೇಕಾದರೆ ಫ್ರೀಡಂ ಪಾರ್ಕ್ ಬಳಿ 2024ರಲ್ಲಿ ತೆರೆದ ಬಹುಮಹಡಿ ನಿಲುಗಡೆಯಿದೆ. 500ಕ್ಕೂ ಹೆಚ್ಚು ಕಾರುಗಳಿಗೆ ಸ್ಥಳವಿದೆ. ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳಲ್ಲಿ ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲ. ನಡೆಯುವವರಿಗೆ ಅದೇ ಒಳ್ಳೆಯ ದಿನ. ಎಲ್ಲಿಯೇ ನಿಲ್ಲಿಸಿ, ಆಸ್ಪತ್ರೆಯ ಕಾಗದಗಳು ಮಾತ್ರ ಕೈಚೀಲದಲ್ಲಿರಲಿ.

ನೋಡುವುದಕ್ಕೆ ಮೊದಲು ಲಾಲ್‌ಬಾಗ್. ಹೈದರ್ ಅಲಿ ಆರಂಭಿಸಿದ ತೋಟವಿದು; ಈಗ 240 ಎಕರೆ. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ. ಗಾಜಿನ ಮನೆಯನ್ನು ಎಲ್ಲರೂ ನೋಡುತ್ತಾರೆ. ನೀವು ಮಕ್ಕಳನ್ನು ಅಲ್ಲಿನ ಬಂಡೆಗೂ ಕರೆದೊಯ್ಯಿರಿ. ಸುಮಾರು 300 ಕೋಟಿ ವರ್ಷ ಹಳೆಯದದು. ಕಲ್ಲುಬಂಡೆಗಳ ನಡುವೆ ಬೆಳೆದ ರಾಯಚೂರಿನ ಮಕ್ಕಳಿಗೆ ಊರ ನೆನಪಾಗದೆ ಇರದು. ಮಕ್ಕಳಿಗೆ ಇನ್ನೊಂದು ಸ್ಥಳ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಅಲ್ಲಿಗೆ ಅರ್ಧ ದಿನವನ್ನಾದರೂ ಮೀಸಲಿಡಿ.

ಕೊನೆಗೆ ವಿಧಾನಸೌಧ. ಕೆಂಗಲ್ ಹನುಮಂತಯ್ಯನವರ ಕನಸಿನ ಈ ಕಟ್ಟಡ ಪೂರ್ಣಗೊಂಡದ್ದೂ ನಾವು ಈ ರಾಜ್ಯಕ್ಕೆ ಸೇರಿದ 1956ರಲ್ಲೇ. ಬಹುಕಾಲ ನಮ್ಮಂಥವರು ಅದನ್ನು ಬೇಲಿಯಾಚೆಯಿಂದ ನೋಡಿ ಮರಳುತ್ತಿದ್ದೆವು. 2025ರ ಜೂನ್‌ನಲ್ಲಿ ಭಾನುವಾರಗಳಂದು, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಮಾರ್ಗದರ್ಶಕರೊಡನೆ ಒಳಗೆ ನೋಡುವ ವ್ಯವಸ್ಥೆ ಆರಂಭವಾಯಿತು. ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು. ಗುರುತಿನ ಚೀಟಿ ಮರೆಯಬೇಡಿ. ನೇರಳೆ ಮಾರ್ಗದ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿದರೆ ವಿಧಾನಸೌಧ ಎದುರಿಗೇ ಇದೆ.

ಅಣ್ಣನ ಮೊಮ್ಮಗನನ್ನು ಕರೆದುಕೊಂಡು ನಾನೂ ಹೋಗಿಬಂದೆ. ಕಲ್ಲಿನ ಕಂಬವೊಂದನ್ನು ಮುಟ್ಟಿ ನೋಡುತ್ತಾ ಹುಡುಗ, "ಅಜ್ಜಾ, ನಮ್ಮ ತಾತ ಇದನ್ನ ನೋಡ್ಯಾನೇನು?" ಎಂದು ಕೇಳಿದ. ನಲವತ್ತು ವರ್ಷಗಳ ಹಿಂದಿನ ಪ್ರಶ್ನೆಗೆ ಉತ್ತರ ಹೇಳಿದ್ದೆ; ಇದಕ್ಕೆ ಹೇಳಲಾಗಲಿಲ್ಲ. "ನೀನು ಚೆನ್ನಾಗಿ ನೋಡು" ಎಂದಷ್ಟೇ ಅಂದೆ.

ನೀವೂ ಬನ್ನಿ. ಹಿರಿಯರಿದ್ದರೆ 'ಮತ್ತೊಮ್ಮೆ' ಎನ್ನದೆ ಈ ಸಲವೇ ಕರೆತನ್ನಿ. ಬರುವ ಮುನ್ನ ಒಂದು ಫೋನ್ ಮಾಡಿ. ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತದೆ. ನಮ್ಮ ಬೀದಿಯಲ್ಲಿ ಕಾರಿಗೆ ಮಾತ್ರ ಜಾಗವಿಲ್ಲ!